ಮ್ಯೂನಿಕ್‌ನಿಂದ ವಿಯೆನ್ನಾಗೆ ಮೂರು ರಾತ್ರಿ: ಮಂಡಿನೋವು ಇದೆ, ಮೊಟ್ಟೆ ತಿನ್ನಲ್ಲ. ಏನು ನೋಡೋದು, ಏನು ಬಿಡೋದು?

ಶಿಡ್ಲಘಟ್ಟ ರೀಲರ್

ಎಲ್ಲರಿಗೂ ನಮಸ್ಕಾರ. ನಾನು ಶಿಡ್ಲಘಟ್ಟದವನು. ರೇಷ್ಮೆ ನೂಲು ಬಿಚ್ಚಾಣಿಕೆ ನಮ್ಮ ಕಸುಬು. ಮಗಳು ಅಳಿಯ ಮ್ಯೂನಿಕ್‌ನಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಮನೆಯವರೂ ಜುಲೈ ಕೊನೆಗೆ ಹೊರಡುತ್ತಿದ್ದೇವೆ. ಜರ್ಮನಿ ವೀಸಾ ಕೈಗೆ ಬಂದಿದೆ.

ಸೆಪ್ಟೆಂಬರ್ ಕೊನೆ ಹೊತ್ತಿಗೆ ಬಾಣಂತನ ಒಂದು ಹದಕ್ಕೆ ಬಂದಿರುತ್ತೆ. ಅಳಿಯಂದಿರು ವಾರಾಂತ್ಯಕ್ಕೆ ಎರಡು ದಿನ ರಜೆ ಸೇರಿಸಿಕೊಂಡು ಮಗು ನೋಡಿಕೊಳ್ತಾರಂತೆ. 'ಅಷ್ಟು ದೂರ ಬಂದು ಬಿಸಿನೀರು ಕಾಯಿಸಿಕೊಂಡು ವಾಪಸ್ ಹೋಗ್ತೀರಾ, ಇಬ್ಬರೂ ವಿಯೆನ್ನಾ ನೋಡಿಕೊಂಡು ಬನ್ನಿ' ಅಂತ ಮಗಳ ಹಟ. ಶುಕ್ರವಾರ ಬೆಳಿಗ್ಗೆ ಟ್ರೇನು, ಸೋಮವಾರ ರಾತ್ರಿ ವಾಪಸ್. ಮೂರು ರಾತ್ರಿ ಸಿಗುತ್ತೆ.

ಮಗಳು ಮೊಬೈಲ್‌ನಲ್ಲಿ ವಿಡಿಯೋಗಳನ್ನೆಲ್ಲ ನೋಡಿ ಪಟ್ಟಿ ಮಾಡಿ ಕಳಿಸಿದ್ದಾಳೆ. ಶುಕ್ರವಾರ ದಾರಿಯಲ್ಲಿ ಸಾಲ್ಜ್‌ಬರ್ಗ್ ಇಳಿದು ನೋಡೋದು. ಶನಿವಾರ ವಿಯೆನ್ನಾದ ಶ್ಯೋನ್‌ಬ್ರುನ್ ಅರಮನೆ, ಸ್ಟೀಫನ್ಸ್ ಚರ್ಚು, ಬೆಲ್ವೆಡೆರ್ ಅರಮನೆ, ಪ್ರಾಟರ್ ಜೈಂಟ್ ವೀಲು. ಭಾನುವಾರ ಹಾಲ್‌ಸ್ಟಾಟ್ ಅನ್ನೋ ಹಳ್ಳಿಗೆ ಹೋಗಿ ಬರೋದು. ಸೋಮವಾರ ಬೆಳಿಗ್ಗೆ ಬ್ರಾಟಿಸ್ಲಾವಾ, ಅಲ್ಲಿಂದ ವಾಪಸ್. ಇದು ಓದಿದಾಗಲೇ ನನಗೆ ಸುಸ್ತಾಯಿತು.

ನಮ್ಮ ಮನೆಯವರಿಗೆ ಮಂಡಿನೋವು. ಸಮ ನೆಲದ ಮೇಲೆ ನಿಧಾನಕ್ಕೆ ನಡೀತಾರೆ, ಮೆಟ್ಟಿಲು ಆಗಲ್ಲ. ನಂದಿಬೆಟ್ಟಕ್ಕೂ ನಾವು ಕಾರಲ್ಲೇ ಹೋಗೋರು. ಅವರು ಮೊಟ್ಟೆ ಕೂಡ ಮುಟ್ಟಲ್ಲ. ಭಾಷೆ ಅಂದ್ರೆ ಕನ್ನಡ, ತೆಲುಗು, ಮಾರ್ಕೆಟ್ಟಿನಲ್ಲಿ ಕಲಿತ ಉರ್ದು, ಅಷ್ಟಕ್ಕಷ್ಟೇ ಇಂಗ್ಲಿಷ್.

ಕೇಳೋದು ಇಷ್ಟೇ. ಈ ಪಟ್ಟಿಯಲ್ಲಿ ಯಾವುದು ಇಟ್ಟುಕೊಳ್ಳಲಿ? ಎಲ್ಲಿ ಉಳಿಯೋದು? ಊಟಕ್ಕೇನು? ನಲ್ಲಿ ನೀರು ಕುಡಿಯಬಹುದಾ, ಇಲ್ಲ ಬಾಟಲಿ ಹೊರಬೇಕಾ? ದುಡ್ಡು ನೋಡಿಕೊಂಡು ಖರ್ಚು ಮಾಡೋರು ನಾವು, ಹಾಗಂತ ಜಿಪುಣರಲ್ಲ.

ಕ್ಯಾತ್ಸಂದ್ರ ತಟ್ಟೆಇಡ್ಲಿ

ಅಣ್ಣ, ವಿಯೆನ್ನಾ ಯಾಕೆ? ಪ್ರಾಗ್‌ಗೆ ಹೋಗಿ. ಖರ್ಚು ಕಮ್ಮಿ, ಊರು ಇನ್ನೂ ಚೆಂದ. 1357ರಲ್ಲಿ ಕಟ್ಟೋಕೆ ಶುರು ಮಾಡಿದ ಚಾರ್ಲ್ಸ್ ಸೇತುವೆ ಇದೆ. ಎರಡೂ ಕಡೆ ಸಾಲಾಗಿ ಪ್ರತಿಮೆಗಳು. ಬೆಳಿಗ್ಗೆ ಆರಕ್ಕೆ ಹೋದರೆ ನೀವು, ಬಾತುಕೋಳಿ, ಮದುವೆ ಫೋಟೋ ತೆಗೆಸಿಕೊಳ್ಳೋ ಜೋಡಿ, ಅಷ್ಟೇ ಜನ. ಚೌಕದಲ್ಲಿ 1410ರ ಗಡಿಯಾರ ಇವತ್ತಿಗೂ ಗಂಟೆ ಹೊಡೆಯುತ್ತೆ. ವಿಯೆನ್ನಾದಲ್ಲಿ ಎತ್ತ ನೋಡಿದರೂ ಅರಮನೆ. ಅರಮನೆಗೆ ನಮಗೆ ಮೈಸೂರು ಸಾಕು ಅಲ್ವಾ?

ಕೆರೆಕಟ್ಟೆ ಕೋಲಾರ

ತುಮಕೂರಿನವರೇ, ಪ್ರಾಗ್ ಚೆಂದದ ಊರೇ. ಅದರಲ್ಲಿ ಜಗಳ ಇಲ್ಲ. ಆದರೆ ಕೇಳಿದವರ ಮನೆಯವರಿಗೆ ಮಂಡಿನೋವು. ಪ್ರಾಗ್ ಕೋಟೆ ಗುಡ್ಡದ ಮೇಲಿದೆ, ಬೀದಿಗೆಲ್ಲಾ ಉಂಡೆ ಉಂಡೆ ಕಲ್ಲು. ಮ್ಯೂನಿಕ್‌ನಿಂದ ಟ್ರೇನಲ್ಲಿ ಕೂರೋದೂ ಜಾಸ್ತಿ. ವಿಯೆನ್ನಾಗೆ ನೇರ ರೈಲ್‌ಜೆಟ್ ಗಾಡಿ ಇದೆ, ಸುಮಾರು ನಾಲ್ಕು ಗಂಟೆ. ನಡುವಿನ ಊರು ಹೆಚ್ಚುಕಮ್ಮಿ ಸಮತಟ್ಟು. ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ.

ಸ್ವಾಮಿ, ನಾನು ಕೋಲಾರದವನು. ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತನಾದವನು. ಮಗ ವಿಯೆನ್ನಾದಲ್ಲಿ ಓದುವಾಗ ನಾವು ಗಂಡ ಹೆಂಡತಿ ಅಲ್ಲಿ ಹೋಗಿ ಇದ್ದೆವು. ನಿಮ್ಮ ಹಾಗೇ ನಿಧಾನಸ್ಥರು.

ಮೊದಲು ಪಟ್ಟಿಗೆ ಕತ್ತರಿ ಹಾಕಿ. ಹಾಲ್‌ಸ್ಟಾಟ್ ಪೂರ್ತಿ ತೆಗೆದುಬಿಡಿ. ವಿಯೆನ್ನಾದಿಂದ ಹೋಗೋಕೆ ಮೂರೂವರೆ ಗಂಟೆ, ಬರೋಕೆ ಮೂರೂವರೆ. ಸ್ಟೇಷನ್ ಇರೋದು ಸರೋವರದ ಈಚೆ ದಡದಲ್ಲಿ, ಊರು ಆಚೆ ದಡದಲ್ಲಿ. ಇಳಿದು ದೋಣಿ ಹತ್ತಬೇಕು. ಅಷ್ಟು ಮಾಡಿ ನೀವು ತೆಗೆಯೋ ಫೋಟೋ ನಿಮ್ಮ ಮಗಳು ಆಗಲೇ ವಿಡಿಯೋದಲ್ಲಿ ನೋಡಿದ್ದಾಳೆ. ಸಾಲ್ಜ್‌ಬರ್ಗ್ ಮ್ಯೂನಿಕ್‌ಗೇ ಹತ್ತಿರ, ಎರಡು ಗಂಟೆಯೂ ಬೇಡ. ಇನ್ನೊಂದು ದಿನ ಮಗಳು ಮೊಮ್ಮಗು ಜೊತೆಗೇ ಹೋಗಿಬನ್ನಿ. ಪೆಟ್ಟಿಗೆ ಎಳೆದುಕೊಂಡು ನಡುವೆ ಇಳಿದು ಹತ್ತೋದು ಯಾಕೆ? ಬ್ರಾಟಿಸ್ಲಾವಾ ಟ್ರೇನಲ್ಲಿ ಗಂಟೆ ದೂರ. ಚಿಕ್ಕ ಚೊಕ್ಕ ಊರು. ಆದರೆ ಮೂರು ರಾತ್ರಿಯಲ್ಲಿ ಅದಕ್ಕೆ ಹೋಗೋದು 'ಇನ್ನೊಂದು ದೇಶಾನೂ ನೋಡಿದೆ' ಅಂತ ಹೇಳಿಕೊಳ್ಳೋಕೆ ಮಾತ್ರ.

ಉಳಿದದ್ದು ವಿಯೆನ್ನಾ ಒಂದೇ. ಬೆಳಿಗ್ಗೆ ಒಂದು ಜಾಗ, ಸಂಜೆ ಒಂದು ಜಾಗ. ಮಧ್ಯಾಹ್ನ ರೂಮಿಗೆ ಬಂದು ಕಾಲು ಚಾಚಿ ಮಲಗಿ. ಇದಕ್ಕಿಂತ ಜಾಸ್ತಿ ತುರುಕಿದರೆ ಭಾನುವಾರ ಸಂಜೆ ಹೊತ್ತಿಗೆ ಇಬ್ಬರಿಗೂ ಮಾತು ನಿಂತಿರುತ್ತೆ. ಅನುಭವಸ್ಥ ಹೇಳ್ತಿದ್ದೀನಿ.

ಶುಕ್ರವಾರ ಸಂಜೆ ಏನೂ ನೋಡಬೇಡಿ, ಸುಮ್ನೆ ಟ್ರಾಮ್ ಹತ್ತಿ. ಹಳೇ ಊರಿನ ಸುತ್ತ ಮೊದಲು ಕೋಟೆಗೋಡೆ ಇತ್ತು. 1857ರಲ್ಲಿ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಅದನ್ನು ಕೆಡವೋಕೆ ಅಪ್ಪಣೆ ಕೊಟ್ಟ. ಆ ಜಾಗದಲ್ಲಿ ಅಗಲವಾದ ರಸ್ತೆ ಮಾಡಿ 1865ರಲ್ಲಿ ತೆರೆದರು. ಅದೇ ರಿಂಗ್ ರಸ್ತೆ. 1, 2, ಡಿ ನಂಬರಿನ ಟ್ರಾಮ್‌ಗಳು ಅದರ ಒಂದೊಂದು ಭಾಗದಲ್ಲಿ ಓಡುತ್ತವೆ. ಕಿಟಕಿ ಪಕ್ಕ ಕೂತರೆ ಒಪೆರಾ, ಮ್ಯೂಸಿಯಂ, ಪಾರ್ಲಿಮೆಂಟು, ನಗರಸಭೆ, ವಿಶ್ವವಿದ್ಯಾಲಯ, ಒಂದರ ಹಿಂದೆ ಒಂದು ಬರುತ್ತೆ. ಒಪೆರಾ 1869ರದ್ದು, ಮ್ಯೂಸಿಯಂ 1891ರದ್ದು, ಉಳಿದದ್ದೆಲ್ಲಾ ಆ ನಡುವಿನದು. ಎಲ್ಲಾ ನೂರಾರು ವರ್ಷ ಹಳೇದರ ವೇಷ ಹಾಕಿಕೊಂಡು ನಿಂತಿವೆ, ಅಷ್ಟೇ. ನಿಜವಾದ ಹಳೇದು ನೋಡೋಕೆ ಒಳಗಡೆ ಸ್ಟೀಫನ್ಸ್ ಚರ್ಚಿಗೆ ಹೋಗಬೇಕು.

ಆ ಚರ್ಚಿಗೆ ಎರಡು ಗೋಪುರ. ದಕ್ಷಿಣದ್ದು 136 ಮೀಟರ್, 343 ಮೆಟ್ಟಿಲು. ಅದರ ಕಡೆ ತಲೆಯೆತ್ತಿ ಕೈಮುಗಿದು ಮುಂದೆ ಹೋಗಿ. ಉತ್ತರದ ಗೋಪುರವನ್ನು ಅರ್ಧಕ್ಕೇ ಬಿಟ್ಟರು, ಅದಕ್ಕೆ ಲಿಫ್ಟ್ ಇದೆ. ಮೇಲೆ ಪುಮ್ಮೆರಿನ್ ಅನ್ನೋ ದೊಡ್ಡ ಗಂಟೆ. 1683ರಲ್ಲಿ ತುರ್ಕರು ಊರಿಗೆ ಮುತ್ತಿಗೆ ಹಾಕಿ ಸೋತು ಓಡುವಾಗ ಬಿಟ್ಟುಹೋದ ಫಿರಂಗಿಗಳನ್ನು ಕರಗಿಸಿ ಮೊದಲು ಎರಕ ಹೊಯ್ದದ್ದು. 1945ರ ಬೆಂಕಿಯಲ್ಲಿ ಬಿದ್ದು ಒಡೆಯಿತು. ಅದೇ ಲೋಹ ಬಳಸಿ ಮತ್ತೆ ಹೊಯ್ದಿದ್ದಾರೆ. ಮೇಲಿಂದ ಚರ್ಚಿನ ಸೂರಿನ ಬಣ್ಣಬಣ್ಣದ ಹೆಂಚು ಹತ್ತಿರದಲ್ಲೇ ಕಾಣುತ್ತೆ.

ಈಗ ನಲ್ಲಿ ನೀರು. ಇದಕ್ಕೆ ಉತ್ತರ 'ಧಾರಾಳವಾಗಿ ಕುಡಿಯಿರಿ, ಬಾಟಲಿ ಕೊಳ್ಳಬೇಡಿ' ಅಂತ ಮುಗಿಸಬಹುದು. ಆದರೆ ಕೋಲಾರದ ನೀರಿನವನ ಹತ್ತಿರ ನೀವು ನೀರಿನ ಮಾತು ತೆಗೆದಿದ್ದೀರಿ. ಬೇಡವಾದವರು ಮುಂದಕ್ಕೆ ಹೋಗಿ.

ಮೊದಲು ಆ ಊರಿನವರು ಬಾವಿ ನೀರು, ಡಾನ್ಯೂಬ್ ನೀರು ಕುಡಿದು ಕಾಲರಾ, ಟೈಫಾಯ್ಡ್‌ನಲ್ಲಿ ಸಾಯ್ತಿದ್ದರು. ಎಡ್ವರ್ಡ್ ಸ್ಯೂಸ್ ಅನ್ನೋ ಭೂವಿಜ್ಞಾನಿ ಬೆಟ್ಟದ ಊಟೆ ನೀರನ್ನೇ ತರಬೇಕು ಅಂತ ಹಟ ಹಿಡಿದ. ಆಲ್ಪ್ಸ್‌ನ ಸೆರಗಿನ ಸುಣ್ಣಕಲ್ಲಿನ ಬೆಟ್ಟಗಳಿಂದ ಸುಮಾರು 95 ಕಿಲೋಮೀಟರ್ ಕಾಲುವೆ ತೋಡಿ 1873ರ ಅಕ್ಟೋಬರ್‌ನಲ್ಲಿ ನೀರು ಬಿಟ್ಟರು. ಪಂಪು ಇಲ್ಲ, ಬರೀ ಇಳಿಜಾರು. ಹಳ್ಳ ಬಂದ ಕಡೆ ಕಮಾನು ಕಟ್ಟಿ ದಾಟಿಸಿದ್ದಾರೆ. ಸಾಲದೆ 1910ರಲ್ಲಿ ಇನ್ನೊಂದು ಬೆಟ್ಟದಿಂದ ಎರಡನೇ ಕಾಲುವೆ ತಂದರು, 180 ಕಿಲೋಮೀಟರ್. ಅದೂ ಇಳಿಜಾರಿನ ಮೇಲೆಯೇ. ದಾರಿಯಲ್ಲಿ ಅದೇ ನೀರಿನಲ್ಲಿ ಕರೆಂಟೂ ತೆಗೆಯುತ್ತಾರೆ.

ನಾವು ಸಾವಿರದೈನೂರು ಅಡಿ ಬೋರು ಕೊರೆಸಿ ಫ್ಲೋರೈಡ್ ನೀರು ಎತ್ತಿದವರು. 2018ರಿಂದ ಬೆಂಗಳೂರಿನ ಕೊಳಚೆ ಶುದ್ಧಮಾಡಿ ಕೆ.ಸಿ. ವ್ಯಾಲಿ ಪೈಪಿನಲ್ಲಿ ಕಳಿಸೋ ನೀರಿಗೆ ಕೆರೆ ತುಂಬಿತು ಅಂತ ಬಾಗಿನ ಕೊಟ್ಟವರು. ಸ್ವಾರ್ಟ್‌ಜೆನ್‌ಬರ್ಗ್ ಚೌಕದಲ್ಲಿ ಒಂದು ದೊಡ್ಡ ಕಾರಂಜಿ ಇದೆ. ಅದನ್ನು ಆ ಮೊದಲ ಕಾಲುವೆಯ ನೀರು ಊರಿಗೆ ಬಂದದ್ದಕ್ಕೇ ಕಟ್ಟಿದ್ದು. ಡಿ ಟ್ರಾಮ್ ಅದರ ಮುಂದೆಯೇ ನಿಲ್ಲುತ್ತೆ. ಪ್ರವಾಸಿಗಳು ಒಂದು ಫೋಟೋ ತೆಗೆದು ಬೆಲ್ವೆಡೆರ್ ಕಡೆ ಓಡ್ತಾರೆ. ನೀವು ಬೆಂಚಿನ ಮೇಲೆ ಅರ್ಧ ಗಂಟೆ ಕೂರಿ. ನಮ್ಮ ಮಗ 'ಅಪ್ಪ, ನಡಿ' ಅಂತ ಎಷ್ಟು ಕರೆದರೂ ನಾನು ಏಳಲಿಲ್ಲ.

ಡಾನ್ಯೂಬ್ ನದಿ ಊರಿನ ನಡುವೆ ಹರಿಯುತ್ತೆ ಅಂತ ಅಂದುಕೊಂಡು ಹೋಗಬೇಡಿ. ಹಳೇ ಊರಿನ ಪಕ್ಕ ಇರೋದು ಅದರ ಒಂದು ಕಾಲುವೆ. ನದಿ ದೂರ ಇದೆ. ನೋಡಲೇಬೇಕು ಅಂದ್ರೆ ಯು1 ಮೆಟ್ರೋದಲ್ಲಿ ಡೋನಾವ್‌ಇನ್ಸೆಲ್ ಸ್ಟೇಷನ್.

ಶ್ಯೋನ್‌ಬ್ರುನ್ ಅರಮನೆ ಶನಿವಾರ ಬೆಳಿಗ್ಗೆಯೇ ಮುಗಿಸಿ. 1,441 ಕೋಣೆ ಇವೆಯಂತೆ, ಜನಕ್ಕೆ ತೋರಿಸೋದು ಸುಮಾರು ನಲವತ್ತು. ಅಷ್ಟೇ ಸಾಕು, ನಂಬಿ. ಆರು ವರ್ಷದ ಮೊಜಾರ್ಟ್ 1762ರಲ್ಲಿ ಅಲ್ಲೇ ರಾಣಿ ಮುಂದೆ ನುಡಿಸಿದ್ದು. ಟಿಕೆಟ್ ಮೇಲೆ ಒಳಗೆ ಬಿಡೋ ಹೊತ್ತು ಬರೆದಿರುತ್ತೆ, ಮೊದಲೇ ಆನ್‌ಲೈನ್ ತಗೊಳ್ಳಿ. ಹಿಂದಿನ ತೋಟಕ್ಕೆ ದುಡ್ಡಿಲ್ಲ. ಗುಡ್ಡದ ಮೇಲಿನ ಮಂಟಪಕ್ಕೆ ನಡೆದು ಹತ್ತೋದು ಬೇಡ, ತೋಟದೊಳಗೆ ಸುತ್ತಾಡೋ ಪುಟ್ಟ ಗಾಡಿ ಇದೆ.

ಚಿಂತಾಮಣಿ ಟು ವಿಯೆನ್ನಾ

ಅಂಕಲ್, ನಾನು ಚಿಂತಾಮಣಿಯವಳು, ಈಗ ವಿಯೆನ್ನಾದಲ್ಲಿ ಮಾಸ್ಟರ್ಸ್ ಓದ್ತಿದ್ದೀನಿ. ಕೋಲಾರದ ಸಾರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ನೀರಿನ ಪ್ಯಾರಾ ಸಮೇತ ಓದಿದೆ ಸಾರ್. 😄 ನಾನು ದಿನಬಳಕೆಯದು ಹೇಳ್ತೀನಿ.

ಟ್ರೇನ್: ಸೆಪ್ಟೆಂಬರ್ ಕೊನೆ ಅಂದ್ರೆ ಮ್ಯೂನಿಕ್‌ನಲ್ಲಿ ಅಕ್ಟೋಬರ್‌ಫೆಸ್ಟ್ ಅನ್ನೋ ದೊಡ್ಡ ಬಿಯರ್ ಜಾತ್ರೆ. ಗಾಡಿಗಳು ತುಂಬಿ ತುಳುಕುತ್ತವೆ. ಮೊದಲೇ ತಗೊಂಡ್ರೆ ಸ್ಪಾರ್‌ಶೀನೆ ಅನ್ನೋ ಅಗ್ಗದ ಟಿಕೆಟ್ ಸಿಗುತ್ತೆ. ಆದ್ರೆ ಅದು ಆ ಒಂದೇ ಗಾಡಿಗೆ, ತಪ್ಪಿದರೆ ಹೋಯ್ತು. ಇನ್ನೊಂದು ವಿಷಯ, ಟಿಕೆಟ್ ಇದ್ರೆ ಸೀಟು ಇದೆ ಅಂತ ಅಲ್ಲ. ಸೀಟು ರಿಸರ್ವೇಷನ್ ಬೇರೆ, ಸ್ವಲ್ಪವೇ ದುಡ್ಡು. ಆಂಟಿಗೋಸ್ಕರ ಖಂಡಿತ ಮಾಡಿಸಿ. ಜರ್ಮನಿ ವೀಸಾದಲ್ಲಿ ಆಸ್ಟ್ರಿಯಾಗೆ ಹೋಗಬಹುದು, ಎರಡೂ ಶೆಂಗೆನ್. ಆದ್ರೂ ವಾಪಸ್ ಬರುವಾಗ ಗಡಿಯಲ್ಲಿ ಜರ್ಮನ್ ಪೊಲೀಸ್ ಗಾಡಿ ಹತ್ತಿ ಪಾಸ್‌ಪೋರ್ಟ್ ಕೇಳೋದುಂಟು. ಜೆರಾಕ್ಸ್ ನಡೆಯಲ್ಲ, ಒರಿಜಿನಲ್ ಇಟ್ಕೊಳ್ಳಿ.

ಉಳಿಯೋದು: ಏಳನೇ ಜಿಲ್ಲೆ, ನೋಯ್‌ಬಾವ್. ಯು3 ಮೆಟ್ರೋದ ಸೀಗ್ಲರ್‌ಗಾಸ್ಸೆ ಸ್ಟೇಷನ್ ಹತ್ತಿರ ಅಡುಗೆಮನೆ ಇರೋ ರೂಮ್ ಹುಡುಕಿ. ಅಲ್ಲಿಂದ ಸ್ಟೀಫನ್ಸ್ ಚರ್ಚಿಗೆ ಒಂದೇ ಗಾಡಿ. ಬುಕ್ ಮಾಡೋ ಮುಂಚೆ ಲಿಫ್ಟ್ ಇದೆಯಾ ಅಂತ ಕೇಳಿ. 'ಒಂದನೇ ಮಹಡಿ' ಅಂದ್ರೆ ಮೋಸ ಹೋಗಬೇಡಿ. ಇಲ್ಲಿ ಹಳೇ ಕಟ್ಟಡಗಳಲ್ಲಿ ನೆಲಮಹಡಿ ಆದಮೇಲೆ ಹೋಖ್‌ಪಾರ್ಟೆರ್ ಅಂತ ಒಂದು, ಮೆಜ್ಜಾನಿನ್ ಅಂತ ಒಂದು, ಆಮೇಲೆ ಒಂದನೇ ಮಹಡಿ ಶುರುವಾಗುತ್ತೆ.

ಓಡಾಟ: 24 ಗಂಟೆ ಟಿಕೆಟ್‌ನಲ್ಲಿ ಮೆಟ್ರೋ, ಟ್ರಾಮ್, ಬಸ್ಸು ಎಲ್ಲಾ ಬರುತ್ತೆ. ಗೇಟು ಇಲ್ಲ, ಯಾರೂ ತಡೆಯಲ್ಲ. ಪೇಪರ್ ಟಿಕೆಟ್ ಆದ್ರೆ ಮೊದಲ ಸಲ ಹತ್ತುವಾಗ ನೀಲಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆ ಇಲ್ದೆ ಸಿಕ್ಕಿಬಿದ್ದರೆ ನೂರು ಯೂರೋ ಮೇಲೆ ದಂಡ. ಮಫ್ತಿಯಲ್ಲೂ ಬರ್ತಾರೆ.

ಭಾನುವಾರ: ಸೂಪರ್‌ಮಾರ್ಕೆಟ್ ಬಂದ್. ಬೀದಿ ಅಂಗಡಿನೂ ಬಂದ್. ಶನಿವಾರವೂ ಸಂಜೆ ಆರಕ್ಕೇ ಬಾಗಿಲು ಹಾಕ್ತಾರೆ. ಮೊಸರು, ಬ್ರೆಡ್ಡು, ಹಣ್ಣು ಶನಿವಾರ ಮಧ್ಯಾಹ್ನವೇ ತಂದಿಟ್ಕೊಳ್ಳಿ. ತಪ್ಪಿದರೆ ಹಾಪ್ಟ್‌ಬಾನ್‌ಹೋಫ್, ಪ್ರಾಟರ್‌ಸ್ಟೆರ್ನ್ ತರದ ದೊಡ್ಡ ಸ್ಟೇಷನ್ ಒಳಗಿನ ಅಂಗಡಿ ತೆಗೆದಿರುತ್ತೆ. ಅಲ್ಲಿ ಭಾನುವಾರದ ಕ್ಯೂ ನೋಡಿದ್ರೆ ಊರೆಲ್ಲಾ ಅಲ್ಲೇ ಇದೆ ಅನ್ಸುತ್ತೆ.

ಊಟ: ಬೀದಿ ಬದಿ ಸಾಸೇಜ್ ಗೂಡಂಗಡಿಯಲ್ಲಿ 'ಕೇಸೆಕ್ರೈನರ್' ಅಂತ ಬರೆದಿರುತ್ತೆ. 'ಕೇಸೆ' ಅಂದ್ರೆ ಚೀಸ್ ಅಂತ ನೋಡಿ ತಗೋಬೇಡಿ, ಅದು ಚೀಸ್ ತುಂಬಿದ ಮಾಂಸದ ಸಾಸೇಜ್. ಸೂಪ್ ವಿಷಯದಲ್ಲೂ ಹುಷಾರು. ತರಕಾರಿ ಸೂಪ್ ಅಂದ್ರೂ ದನದ ಮೂಳೆ ಬೇಯಿಸಿದ ರಸದಲ್ಲಿ ಮಾಡಿರಬಹುದು. ಸಸ್ಯಾಹಾರಿ ಅಂತ ಹೇಳಿದ್ರೂ ಮೊಟ್ಟೆ ಹಾಕಿರಬಹುದು. ಅದಕ್ಕೆ 'ವೆಗಾನ್' ಅಂತ ಕೇಳಿ. ಮೊಟ್ಟೆ, ಮಾಂಸ ಎರಡೂ ಇರಲ್ಲ, ಹಾಲು ಮೊಸರು ನೀವೇ ಬೇರೆ ತಗೊಂಡ್ರಾಯ್ತು. ನಾಶ್‌ಮಾರ್ಕ್ಟ್ ಅನ್ನೋ ಸಂತೆಬೀದಿಯಲ್ಲಿ ಫಲಾಫೆಲ್ ಅನ್ನೋ ಕಡಲೆ ವಡೆ, ಹಮ್ಮಸ್ ಅನ್ನೋ ಕಡಲೆ ಚಟ್ನಿ, ಆಲಿವ್, ಒಣಹಣ್ಣು ಚೆನ್ನಾಗಿ ಸಿಗುತ್ತೆ. ಅದೂ ಭಾನುವಾರ ರಜೆ. ಇಂಡಿಯನ್ ಹೋಟೆಲುಗಳು ಇವೆ, ಹೆಚ್ಚಿನವು ಉತ್ತರದ ಕಡೆಯವು. ಬೇಳೆ ಅನ್ನ ಸಿಗುತ್ತೆ, ಸಾರು ಸಿಗಲ್ಲ.

ದುಡ್ಡು: ಬ್ಯಾಂಕಿಗೆ ಸೇರಿದ ಎಟಿಎಂನಲ್ಲೇ ತೆಗೀರಿ. 'ರೂಪಾಯಿಯಲ್ಲಿ ಲೆಕ್ಕ ಹಾಕಲಾ, ಯೂರೋದಲ್ಲಾ' ಅಂತ ಮಿಷನ್ ಕೇಳಿದ್ರೆ ಯೂರೋ ಒತ್ತಿ. ರೂಪಾಯಿ ಒತ್ತಿದ್ರೆ ಅವರದೇ ರೇಟು. ಚಿಲ್ಲರೆ ನಾಣ್ಯ ಇಟ್ಕೊಳ್ಳಿ, ಶೌಚಾಲಯಕ್ಕೆ ಬೇಕಾಗುತ್ತೆ.

ಸ್ಟೀಫನ್ಸ್ ಚರ್ಚಿನ ಮುಂದೆ ಮೊಜಾರ್ಟ್ ವೇಷ, ಬಿಳಿ ಟೋಪನ್ ಹಾಕ್ಕೊಂಡು ಸಂಗೀತ ಕಚೇರಿ ಟಿಕೆಟ್ ಮಾರೋರು ಅಡ್ಡ ಬರ್ತಾರೆ. ನಗ್ತಾ ಮುಂದೆ ಹೋಗಿ. ಒಪೆರಾ ಆಸೆ ಇದ್ರೆ ಸೆಪ್ಟೆಂಬರ್‌ನಲ್ಲಿ ಕೆಲವು ಸಂಜೆ ಕಟ್ಟಡದ ಹೊರಗೆ ದೊಡ್ಡ ಪರದೆಯಲ್ಲಿ ನೇರ ಪ್ರಸಾರ ಹಾಕ್ತಾರೆ. ಕುರ್ಚಿನೂ ಇರುತ್ತೆ, ದುಡ್ಡಿಲ್ಲ. ಬೇಜಾರಾದ್ರೆ ಎದ್ದು ಬರಬಹುದು, ಅದೇ ದೊಡ್ಡ ಅನುಕೂಲ.

ಶಿಡ್ಲಘಟ್ಟ ರೀಲರ್

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಾರ್, ನಿಮ್ಮ ಕತ್ತರಿಗೆ ನಮ್ಮ ಮನೆಯವರಿಂದ ವಿಶೇಷ ವಂದನೆ. ಮಗಳಿಗೆ ಮಾತ್ರ ಹಾಲ್‌ಸ್ಟಾಟ್ ಬಿಟ್ಟಿದ್ದಕ್ಕೆ ಮುನಿಸು. 'ಅಪ್ಪ, ಅದೇ ಅಲ್ವಾ ನೋಡೋ ಜಾಗ' ಅಂತಾಳೆ.

ಭಾನುವಾರ ಖಾಲಿಯಾಯಿತಲ್ಲ, ಏನು ಮಾಡಲಿ? ಪೇಂಟಿಂಗ್ ಮ್ಯೂಸಿಯಂ ಅಂದ್ರೆ ನನಗೆ ಅಷ್ಟಕ್ಕಷ್ಟೇ. ನಿಜ ಹೇಳಬೇಕಂದ್ರೆ ನನಗೆ ಹೊಸ ಊರಲ್ಲಿ ಬಟ್ಟೆ ಅಂಗಡಿ ಕಂಡರೆ ಒಳಗೆ ಹೋಗಿ ಬಟ್ಟೆ ಮುಟ್ಟಿ ನೋಡೋ ಅಭ್ಯಾಸ. ಯಾವ ಡೀನಿಯರ್ (ನೂಲಿನ ದಪ್ಪದ ಅಳತೆ) ನೂಲು, ಎಷ್ಟು ಹುರಿ ಕೊಟ್ಟಿದ್ದಾರೆ, ಅದೇ ಲೆಕ್ಕ ತಲೆಯಲ್ಲಿ. ಭಾನುವಾರ ಅಂಗಡಿನೂ ಇಲ್ಲ ಅಂತೀರಿ.

ಕೆರೆಕಟ್ಟೆ ಕೋಲಾರ

ಬಟ್ಟೆ ನೋಡೋ ಅಭ್ಯಾಸ ಅಂದ್ರಾ? ಹಾಗಾದ್ರೆ ನಿಮ್ಮ ಭಾನುವಾರ ಬೆಳಿಗ್ಗೆ ತೀರ್ಮಾನ ಆಯಿತು.

ಊರ ನಡುವೆ ಹೋಫ್‌ಬುರ್ಗ್ ಅರಮನೆ. ಅದರೊಳಗೆ ಶಾಟ್ಸ್‌ಕಾಮರ್ ಅಂತ ಖಜಾನೆ. ಕಿರೀಟ, ಕತ್ತಿ, ಪಚ್ಚೆ ಎಲ್ಲಾ ಇದೆ. ಅವನ್ನು ನೋಡಿಕೊಂಡು ಹೋಗ್ತಾ ಇರಿ, ನಿಲ್ಲಬೇಡಿ. ಮಬ್ಬು ಬೆಳಕಿನ ಒಂದು ಕೋಣೆಯಲ್ಲಿ ದೊಡ್ಡ ಗಾಜಿನ ಹಿಂದೆ ಕೆಂಪು ರೇಷ್ಮೆಯ ಹೊದಿಕೆ ಹರಡಿಟ್ಟಿದ್ದಾರೆ. ಅಲ್ಲಿ ನಿಲ್ಲಿ.

ಅರ್ಧ ವೃತ್ತದ ಆಕಾರ, ಅಗಲ ಮೂರೂವರೆ ಮೀಟರ್ ಹತ್ತಿರ. ಸಿಸಿಲಿಯ ರಾಜ ಎರಡನೇ ರೋಜರ್‌ಗೆ ಅಂತ ಪಲೆರ್ಮೊದ ಅರಮನೆ ಕಾರ್ಖಾನೆಯಲ್ಲಿ 1133-34ರಲ್ಲಿ ಮಾಡಿದ್ದು. ನಮ್ಮ ಕಡೆ ವಿಷ್ಣುವರ್ಧನ ಆಳ್ತಿದ್ದ ಕಾಲ, ಬೇಲೂರಿನ ಗುಡಿ ಆಗ ಹೊಸದು. ಬಟ್ಟೆಯ ನಟ್ಟನಡುವೆ ಒಂದು ಖರ್ಜೂರದ ಮರ. ಎಡಕ್ಕೊಂದು ಬಲಕ್ಕೊಂದು ಸಿಂಹ, ಎರಡೂ ಒಂಟೆಯನ್ನು ಕೆಡವಿಕೊಂಡು ನಿಂತಿವೆ. ಸಿಂಹದ ಮೈಗೆಲ್ಲಾ ಚಿನ್ನದ ಎಳೆ. ಗೆರೆ ತಿರುಗೋ ಕಡೆಯೆಲ್ಲಾ ಸಣ್ಣ ಮುತ್ತು ಸಾಲಾಗಿ ಕೂರಿಸಿದ್ದಾರೆ. ದುಂಡಗಿನ ಅಂಚಿನುದ್ದಕ್ಕೂ ಅರಬ್ಬಿ ಅಕ್ಷರದ ಕಸೂತಿ. ಎಲ್ಲಿ ಮಾಡಿದ್ದು, ಯಾವ ವರ್ಷ, ಎಲ್ಲಾ ಅದರಲ್ಲಿದೆ. ವರ್ಷ ಹಿಜರಿ 528. ಕ್ರೈಸ್ತ ರಾಜನ ಬಟ್ಟೆ ಮೇಲೆ ಅರಬ್ಬಿ ಬರಹ. ಮುಂದೆ ಇದೇ ಹೊದಿಕೆ ಜರ್ಮನ್ ಚಕ್ರವರ್ತಿಗಳ ಪಟ್ಟಾಭಿಷೇಕಕ್ಕೆ ಬಂತು.

ಆ ಕೆಂಪು ಕೆರ್ಮಿಸ್ ಅನ್ನೋ ಹುಳದಿಂದ ತೆಗೆದ ಬಣ್ಣ. ನೂಲೂ ಹುಳದ್ದು, ಬಣ್ಣವೂ ಹುಳದ್ದು. ನಮ್ಮ ಮನೆಯವರು ಗಾಜಿಗೆ ಮೂಗು ತಾಗೋಷ್ಟು ಹತ್ತಿರ ಬಗ್ಗಿ, 'ಎಂಟು ನೂರು ವರ್ಷದ ಮೇಲಾಯ್ತು ಅಂತೀರಿ, ಬಣ್ಣ ಬಿಟ್ಟಿಲ್ಲ ನೋಡ್ರಿ, ನಮ್ಮ ಸೀರೆ ಎರಡು ನೀರಿಗೆ ಬಿಡುತ್ತೆ' ಅಂದ್ರು. ಕಾವಲಿನ ಹೆಂಗಸು ಬಂದು ಸ್ವಲ್ಪ ಹಿಂದೆ ಸರಿಯೋಕೆ ಸನ್ನೆ ಮಾಡಿದಳು. ಎಷ್ಟು ಹುರಿ, ಯಾವ ನೂಲು ಅಂತ ನೀವು ನೋಡಿ ನನಗೆ ಬರೆದು ತಿಳಿಸಿ. ನನಗೆ ಪೈಪಿನ ಇಂಚು ಮಾತ್ರ ಗೊತ್ತು.

ಇದೇ ರೋಜರ್ 1147ರಲ್ಲಿ ಹಡಗು ಕಳಿಸಿ ಗ್ರೀಸಿನ ಥೀಬ್ಸ್ ಊರಿನಿಂದ ರೇಷ್ಮೆ ನೇಯೋರನ್ನು ಹಿಡಿದು ತರಿಸಿಕೊಂಡ. ಕಸುಬುದಾರರಿಗೆ ಆಗ ಅಂಥಾ ಬೆಲೆ. ಈಗ ರೀಲರ್‌ಗಳನ್ನು ಹೊತ್ತುಕೊಂಡು ಹೋಗೋಕೆ ಯಾವ ರಾಜ ಬರ್ತಾನೆ ಹೇಳಿ.

ಇನ್ನೊಂದು. ಚಿಂತಾಮಣಿಯ ಹುಡುಗಿ ಹೇಳಿದ ಏಳನೇ ಜಿಲ್ಲೆ ಇದೆಯಲ್ಲ, ಅದು ಹಳೇ ರೇಷ್ಮೆ ಕೇರಿ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅಲ್ಲೆಲ್ಲಾ ರೇಷ್ಮೆ ಕಾರ್ಖಾನೆ. ಯಜಮಾನರು ಎಷ್ಟು ದುಡ್ಡು ಮಾಡಿದರು ಅಂದ್ರೆ ಜನ ಆ ಭಾಗಕ್ಕೆ ವಜ್ರದ ಹೆಸರಿಟ್ಟು ಬ್ರಿಲಿಯಾಂಟೆನ್‌ಗ್ರುಂಡ್ ಅಂತಲೇ ಕರೆದರು. ಜೈಡೆನ್‌ಗಾಸ್ಸೆ ಅನ್ನೋ ಬೀದಿಗೆ ಈಗಲೂ ರೇಷ್ಮೆಯ ಹೆಸರು. ಮಗ್ಗ ಒಂದೂ ಇಲ್ಲ, ಕಾಫಿ ಅಂಗಡಿ, ಆಫೀಸು. ಮನೆಗಳ ದೊಡ್ಡ ಬಾಗಿಲು ದಾಟಿದರೆ ಒಳಗೆ ಹಿತ್ತಲಂಗಳ ಕಾಣುತ್ತೆ. ಆಗ ಕೆಲಸ ನಡೀತಿದ್ದದ್ದು ಇಂಥ ಹಿತ್ತಲಲ್ಲೇ. ಭಾನುವಾರ ಸಂಜೆ ಬಿಸಿಲು ಇಳಿದ ಮೇಲೆ ಒಂದು ಸುತ್ತು ಹಾಕಿ.

ಮಗಳಿಗೆ ಹೇಳಿ, ಹಾಲ್‌ಸ್ಟಾಟ್‌ನಲ್ಲಿ ಉಪ್ಪಿನ ಗಣಿ ಇದೆ, ರೇಷ್ಮೆ ಇಲ್ಲ ಅಂತ.

ಕ್ಯಾತ್ಸಂದ್ರ ತಟ್ಟೆಇಡ್ಲಿ

ಸಾರ್, ಪ್ರಾಗ್ ವಾಪಸ್ ತಗೊಂಡೆ. ಈ ಹೊದಿಕೆ ನೋಡೋಕೆ ನಾನೇ ಹೋಗ್ಬೇಕು ಅನ್ನಿಸ್ತಿದೆ. ಕಾಫಿ ಬಗ್ಗೆ ಯಾರೂ ಹೇಳ್ಲೇ ಇಲ್ವಲ್ಲ? ವಿಯೆನ್ನಾ ಕಾಫಿ ಅಂದ್ರೆ ದೊಡ್ಡ ಹೆಸರು. ಇನ್ನೊಂದು, ಅಣ್ಣ ಬಾಣಂತನಕ್ಕೆ ಹೊರಟಿದ್ದಾರೆ. ಊರಿಂದ ತುಪ್ಪ, ಅಂಟಿನುಂಡೆ ಎಷ್ಟು ಕೆಜಿ ಬಿಡ್ತಾರೆ? ನಮ್ಮಕ್ಕನೂ ಕೇಳ್ತಿದ್ಲು.

ಚಿಂತಾಮಣಿ ಟು ವಿಯೆನ್ನಾ

ತುಪ್ಪ ಬಿಡಲ್ಲ ಅಣ್ಣ, ಕೆಜಿ ಲೆಕ್ಕವೇ ಇಲ್ಲ. ಹೊರದೇಶದಿಂದ ಬರೋರು ಹಾಲಿನ ಪದಾರ್ಥ, ಮಾಂಸ ಲಗೇಜಿನಲ್ಲಿ ತರೋ ಹಾಗಿಲ್ಲ. ಯುರೋಪಿಯನ್ ಒಕ್ಕೂಟದ ನಿಯಮ ಅದು. ತುಪ್ಪ, ಕೋವಾ, ಪೇಡ ಸಿಕ್ಕಿದ್ರೆ ಕಸದ ಬುಟ್ಟಿಗೆ. ಬೆಣ್ಣೆ ಮ್ಯೂನಿಕ್‌ನಲ್ಲೇ ತಗೊಂಡು ಕಾಯಿಸಿ, ಚೆನ್ನಾಗೇ ಆಗುತ್ತೆ. ಅಂಟು, ಕೊಬ್ಬರಿ, ಬೆಲ್ಲ ಒಣದಾಗಿ ತಂದು ಉಂಡೆ ಅಲ್ಲೇ ಕಟ್ಟಿ. ರಾಗಿ ಹಿಟ್ಟು, ಚಟ್ನಿಪುಡಿ, ಹುಣಸೆಹಣ್ಣಿಗೆ ನಾನು ತರುವಾಗ ಯಾರೂ ತಕರಾರು ಮಾಡಿಲ್ಲ.

ಕಾಫಿಗೆ ಮೆಲಾಂಜ್ ಅಂತ ಕೇಳಿ, ಹಾಲು ನೊರೆ ಹಾಕಿದ್ದು. ಕಾಫಿ ಬರೀ ಲೋಟದಲ್ಲಿ ಬರಲ್ಲ. ಒಂದು ಲೋಹದ ತಟ್ಟೆ, ಅದರ ಮೇಲೆ ಕಪ್ಪು, ಪಕ್ಕದಲ್ಲಿ ಗ್ಲಾಸಿನಲ್ಲಿ ನಲ್ಲಿ ನೀರು, ಹಳೇ ಕಾಫಿಮನೆಯಲ್ಲಾದ್ರೆ ಗ್ಲಾಸಿನ ಮೇಲೆ ಚಮಚ ಬೋರಲಾಗಿ. ಕೋಲಾರ ಸಾರ್ ಹೇಳಿದ ನೀರು ಅದೇ. ಒಂದು ಕಾಫಿ ಇಟ್ಕೊಂಡು ಎರಡು ಗಂಟೆ ಕೂತ್ರೂ ಯಾರೂ ಎಬ್ಬಿಸಲ್ಲ. ಕಾಫೆ ಸೆಂಟ್ರಲ್ ಮುಂದೆ ಯಾವಾಗ್ಲೂ ಕ್ಯೂ, ಬಿಡಿ. ಆರನೇ ಜಿಲ್ಲೆಯ ಕಾಫೆ ಸ್ಪೆರ್ಲ್‌ಗೆ ಹೋಗಿ. 1880ರದ್ದು, ನಿಮ್ಮ ರೂಮಿನಿಂದ ದೂರ ಇಲ್ಲ. ಜೊತೆಗೆ ಸೇಬಿನ ಸ್ಟ್ರೂಡೆಲ್ ತಿನ್ನಿ. ಅದರ ತೆಳು ಹಾಳೆಗೆ ಸಾಮಾನ್ಯವಾಗಿ ಹಿಟ್ಟು, ನೀರು, ಎಣ್ಣೆ ಅಷ್ಟೇ. ಆದ್ರೂ ಕೆಲವರು ಮೊಟ್ಟೆ ಸೇರಿಸ್ತಾರೆ, ಆಂಟಿಗೆ ಕೊಡೋ ಮುಂಚೆ 'ಓನೆ ಆಯ್' (ಮೊಟ್ಟೆ ಇಲ್ಲದ್ದಾ) ಅಂತ ಒಂದು ಮಾತು ಕೇಳಿ. ಕೇಕುಗಳಲ್ಲಂತೂ ಮೊಟ್ಟೆ ಇದ್ದೇ ಇರುತ್ತೆ.

ಖಜಾನೆಗೆ ಮಂಗಳವಾರ ರಜೆ. ನಿಮ್ಮದು ಭಾನುವಾರ, ತೊಂದರೆ ಇಲ್ಲ. ಸಾಲ್ಜ್‌ಬರ್ಗ್‌ಗೆ ಮ್ಯೂನಿಕ್‌ನಿಂದ ಹೋಗುವಾಗ ಬಯರ್ನ್ ಟಿಕೆಟ್ ತಗೊಳ್ಳಿ. ಲೋಕಲ್ ಗಾಡಿಗಳಲ್ಲಿ ಸಾಲ್ಜ್‌ಬರ್ಗ್ ಸ್ಟೇಷನ್‌ವರೆಗೂ ನಡೆಯುತ್ತೆ, ಜೊತೆಗೆ ಹೋಗೋರು ಹೆಚ್ಚಾದಷ್ಟೂ ತಲೆಗೆ ಅಗ್ಗ. ವಾರದ ದಿನ ಬೆಳಿಗ್ಗೆ ಒಂಬತ್ತರ ನಂತರ ಹತ್ತಬೇಕು.

ಶಿಡ್ಲಘಟ್ಟ ರೀಲರ್

ಮಗಳು ಇದೆಲ್ಲಾ ಓದಿದಳು. ಸಾಲ್ಜ್‌ಬರ್ಗ್‌ಗೆ ತಾನೂ ಬರಬಹುದು ಅಂತ ಗೊತ್ತಾದ ಮೇಲೆ ಹಾಲ್‌ಸ್ಟಾಟ್ ಬಿಟ್ಟುಕೊಟ್ಟಳು.

ಕೊನೆಗೆ ಹೀಗೆ ಇಟ್ಟುಕೊಂಡಿದ್ದೀವಿ. ಶುಕ್ರವಾರ ಸಂಜೆ ರಿಂಗ್ ಟ್ರಾಮ್, ಕಾರಂಜಿ ಹತ್ತಿರ ಕೂರೋದು. ಶನಿವಾರ ಬೆಳಿಗ್ಗೆ ಶ್ಯೋನ್‌ಬ್ರುನ್, ಮಧ್ಯಾಹ್ನ ನಾಶ್‌ಮಾರ್ಕ್ಟ್‌ನಲ್ಲಿ ಫಲಾಫೆಲ್, ಬರ್ತಾ ಮೊಸರು ಬ್ರೆಡ್ಡು. ಭಾನುವಾರ ಬೆಳಿಗ್ಗೆ ಖಜಾನೆ, ಸಂಜೆ ರೇಷ್ಮೆ ಕೇರಿ. ಸೋಮವಾರ ಸ್ಟೀಫನ್ಸ್ ಚರ್ಚಿನ ಲಿಫ್ಟು, ಸ್ಪೆರ್ಲ್ ಕಾಫಿ, ಟ್ರೇನು. ಬೆಲ್ವೆಡೆರ್, ಪ್ರಾಟರ್ ಎರಡೂ ಬಿಟ್ಟಿದ್ದೀವಿ. ಜೈಂಟ್ ವೀಲು ನಮ್ಮೂರ ಜಾತ್ರೆಯಲ್ಲೂ ಬರುತ್ತೆ. ನೂರು ಗ್ರಾಂ ಕಚ್ಚಾ ನೂಲು ಜೇಬಲ್ಲಿಟ್ಟುಕೊಂಡು ಹೋಗಿ ಆ ಹೊದಿಕೆ ಪಕ್ಕ ಹಿಡಿದು ನೋಡೋಣ ಅಂತ ಆಸೆ. ಕಾವಲಿನವರು ಏನಂತಾರೋ.

ನಮ್ಮ ಮನೆಯವರದು ಒಂದೇ ಪ್ರಶ್ನೆ ಉಳಿದಿದೆ. ಸೆಪ್ಟೆಂಬರ್ ಕೊನೆಗೆ ಸ್ವೆಟರ್ ಸಾಕಾ, ಜರ್ಕಿನ್ ಬೇಕಾ? ಅವರು ಸೀರೆಯಲ್ಲೇ ಬರೋದು.

ಚಿಂತಾಮಣಿ ಟು ವಿಯೆನ್ನಾ

ಮಧ್ಯಾಹ್ನ ಸ್ವೆಟರ್ ಸಾಕು ಅಂಕಲ್, ಬೆಳಿಗ್ಗೆ ರಾತ್ರಿ ಗಾಳಿ ಕೊರೆಯುತ್ತೆ. ಸ್ವೆಟರ್ ಮೇಲೆ ಹಾಕೋ ಹಾಗೆ ತೆಳು ಮಳೆಕೋಟು ತನ್ನಿ. ಆಂಟಿಗೆ ಚಪ್ಪಲಿ ಬೇಡ, ಕಾಲಿಗೆ ಒಗ್ಗಿದ ಶೂ ಇರಲಿ. ಸೀರೆಗೆ ಶೂ ಹಾಕಿದ್ರೆ ಇಲ್ಲಿ ಯಾರೂ ತಿರುಗಿ ನೋಡಲ್ಲ. ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಓಡೋರಿಗೆ ಬಿಡಬೇಕು. ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡ್ಕೊಳ್ಳೋಕೆ ಹೇಳಿ. ಇಲ್ಲಾಂದ್ರೆ ಲಿಫ್ಟ್‌ಗೇ ಹೋಗಿ, ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿರುತ್ತೆ.